ಕುಡಿತ ಬಿಟ್ಟವರಿಗೊಂದು ಲೆಕ್ಕದ ಪುಸ್ತಕ: ನಿಮ್ಮ ಬಲ ಯಾವುದು, ತೊಡಕು ಯಾವುದು, ಅಳೆಯುವುದು ಹೇಗೆ

"ಬಿಟ್ಟು ಎಷ್ಟು ದಿನ ಆಯ್ತು?" ಕುಡಿತ ಬಿಟ್ಟವರನ್ನು ಊರೆಲ್ಲ ಕೇಳುವುದು ಇದೊಂದೇ ಪ್ರಶ್ನೆ. ನಲವತ್ತು ದಿನ ಎಂದರೆ ಶಭಾಷ್. ನಲವತ್ತೊಂದನೇ ದಿನ ಎಡವಿದರೆ ಮತ್ತೆ ಸೊನ್ನೆ, ಜೊತೆಗೆ "ನನಗೆ ಮೊದಲೇ ಗೊತ್ತಿತ್ತು ಬಿಡಿ" ಎಂಬ ಮಾತು. ದಿನ ಎಣಿಸುವುದು ತಪ್ಪೇನಲ್ಲ. ಆದರೆ ಆ ನಲವತ್ತು ದಿನ ಏನನ್ನು ಹಿಡಿದುಕೊಂಡು ನಿಂತಿರಿ, ಕಾಲು ಜಾರಿದ್ದು ಎಲ್ಲಿ ಎಂಬುದನ್ನು ಆ ಲೆಕ್ಕ ಹೇಳುವುದಿಲ್ಲ. ಅದನ್ನು ಬೇರೆಯಾಗಿ ಅಳೆಯಬೇಕು. ಅದಕ್ಕೆ ಬೇಕಾಗುವುದು ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ನು, ಒಂದು ಗಂಟೆ ಬಿಡುವು, ಪಕ್ಕದಲ್ಲಿ ಕೂರಲು ನಂಬಿಕೆಯ ಒಬ್ಬರು.

ಈ ಅಳತೆಯ ಹಿಂದೆ ಒಂದು ಸರಳ ತಿಳಿವಳಿಕೆ ಇದೆ. ಅಮೆರಿಕದ ರಾಬರ್ಟ್ ಗ್ರಾನ್‌ಫೀಲ್ಡ್ ಮತ್ತು ವಿಲಿಯಂ ಕ್ಲೌಡ್ ಎಂಬ ಇಬ್ಬರು ಸಂಶೋಧಕರು ಚಿಕಿತ್ಸೆಗೆ ಹೋಗದೆಯೇ ಚಟದಿಂದ ಹೊರಬಂದವರನ್ನು ಮಾತಾಡಿಸಿದರು. ಆ ಜನರ ಬೆನ್ನಿಗೆ ಕೆಲಸ, ಮನೆ, ಓದು, ಕೈಬಿಡದ ಸಂಬಂಧಗಳು ಇದ್ದವು. ಇದನ್ನೆಲ್ಲ ಒಟ್ಟಾಗಿ ಅವರು 1999ರಲ್ಲಿ ಚೇತರಿಕೆಯ ಬಂಡವಾಳ ಎಂದು ಕರೆದರು. 2008ರಲ್ಲಿ ಅವರೇ ಇನ್ನೊಂದು ಮಾತು ಸೇರಿಸಿದರು: ಕೆಲವು ಸಂಗತಿಗಳು ಬಂಡವಾಳದ ಕೊರತೆ ಮಾತ್ರವಲ್ಲ, ಸಾಲದ ಹಾಗೆ ಹಿಂದಕ್ಕೆ ಎಳೆಯುತ್ತವೆ. ಮಾನಸಿಕ ಕಾಯಿಲೆ, ಜೈಲುವಾಸ ಇಂಥವು. ಮುಂದೆ ಡೇವಿಡ್ ಬೆಸ್ಟ್ ಮತ್ತು ಜೊತೆಗಾರರು ಬಲ ಹಾಗೂ ತೊಡಕು ಎರಡನ್ನೂ ಬೇರೆಬೇರೆಯಾಗಿ ಅಳೆಯುವ ರೆಕ್‌ಕ್ಯಾಪ್ ಎಂಬ ಕ್ರಮವನ್ನು ರೂಪಿಸಿದರು. ಬಾರ್ಕ್-10 ಎಂಬ ಚಿಕ್ಕ ಪ್ರಶ್ನಾವಳಿಯೂ ಇದೆ. ಅದರ ಹತ್ತು ಹೇಳಿಕೆಗಳಿಗೆ 1ರಿಂದ 6ರವರೆಗೆ ಅಂಕ, ಒಟ್ಟು 60. ಆಪ್ತಸಮಾಲೋಚಕರ ಬಳಿ ಅದು ಇದ್ದರೆ ಅವರ ಜೊತೆ ಕೂತು ತುಂಬಿ.

ಇಲ್ಲಿ ಹೇಳುತ್ತಿರುವುದು ಆ ಪ್ರಶ್ನಾವಳಿಗಳ ಅನುವಾದವಲ್ಲ. ಅವುಗಳ ತಿರುಳನ್ನು ಇಟ್ಟುಕೊಂಡು ನಮ್ಮ ಬಟವಾಡೆ, ಜಾತ್ರೆ, ಕೈಗಡ, ಕೂಡುಕುಟುಂಬಗಳಿಗೆ ಹೊಂದುವ ಮನೆಮಟ್ಟದ ಕ್ರಮ. ಇದರಿಂದ ರೋಗ ನಿರ್ಣಯ ಆಗುವುದಿಲ್ಲ. ಕುಡಿತ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡಲು ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದೆ. 40ಕ್ಕೆ 8 ಬಂದರೆ ಕುಡಿತ ಹಾನಿಯ ದಾರಿ ಹಿಡಿದಿದೆ ಎಂದೂ, 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇರಬಹುದು, ವೈದ್ಯರು ನೋಡಲೇಬೇಕು ಎಂದೂ ಅರ್ಥ. ಅದು ಗಾಯದ ಅಳತೆ. ಗಾಯ ಮಾಯುವುದಕ್ಕೆ ಏನೇನು ಸಾಮಾನು ಇದೆ ಎನ್ನುವುದನ್ನು ನಾವು ಇಲ್ಲಿ ನೋಡುವುದು.

ಮೊದಲ ವಾರ ಪೆನ್ನು ಹಿಡಿಯಬೇಡಿ

ಅಳತೆಗೆ ಅವಸರ ಬೇಡ. ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಮೊದಲು ಬರುವುದು ಕೈನಡುಕ, ಬೆವರು, ವಾಕರಿಕೆ, ನಿದ್ದೆಗೇಡು. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಹೊತ್ತುಗೊತ್ತು ತಿಳಿಯದೆ, ಇಲ್ಲದ ಹುಳು ಹುಪ್ಪಟೆ ಕಾಣುತ್ತಾ, ಮೈ ಸುಡುತ್ತಾ ಹೋಗಬಹುದು. ಇದು ಪ್ರಾಣಕ್ಕೆ ಕುತ್ತು, ಮನೆಯಲ್ಲಿ ಸಂಭಾಳಿಸುವಂಥದ್ದಲ್ಲ. "ಸುಸ್ತಾಗಿದೆ, ಒಂದು ಬಾಟಲಿ ಹಾಕಿಸಿ" ಎಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ಯುವವರು ಒಂದು ಮಾತು ನೆನಪಿಡಿ: ರೋಗಿ ಕುಡಿಯುತ್ತಿದ್ದವರು ಎಂಬುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಬಿ1 ವಿಟಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಕುಡಿತದಿಂದ ಸೊರಗಿದ ಮೆದುಳಿಗೆ ಪೆಟ್ಟು ಬೀಳುವ ಅಪಾಯವಿದೆ.

ವೈದ್ಯರಿಗೆ ಪ್ರಮಾಣವನ್ನೂ ಸರಿಯಾಗಿ ಹೇಳಬೇಕು. "ಸ್ವಲ್ಪ" ಎನ್ನುವುದು ಪ್ರಮಾಣವಲ್ಲ. ನಮ್ಮಲ್ಲಿ ಒಂದು ಯೂನಿಟ್ ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. ವಿಸ್ಕಿ, ಬ್ರಾಂದಿ, ರಮ್ಮಿನ 30 ಎಂಎಲ್‌ನಲ್ಲಿ ಅಷ್ಟು ಇರುತ್ತದೆ. 90 ಎಂಎಲ್ ಪೊಟ್ಟಣ ಮೂರು ಯೂನಿಟ್, 180 ಎಂಎಲ್ ಕ್ವಾರ್ಟರ್ ಆರು. ಶೇಕಡ 8ರ ಸ್ಟ್ರಾಂಗ್ ಬಿಯರ್ ದೊಡ್ಡ ಬಾಟಲಿ, ಅಂದರೆ 650 ಎಂಎಲ್, ನಾಲ್ಕು ಯೂನಿಟ್. "ನಾನು ಬಿಯರ್ ಮಾತ್ರ" ಎನ್ನುವವರು ಎರಡು ಬಾಟಲಿಗೆ ಒಂದೂ ಕಾಲು ಕ್ವಾರ್ಟರ್ ದಾಟಿರುತ್ತಾರೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದಿಷ್ಟು ಇರಲಿ: ಕೊನೆಯ ಸಲ ಕುಡಿದ ತಾರೀಕು, ಅದಕ್ಕೆ ಹಿಂದಿನ ತಿಂಗಳು ದಿನಕ್ಕೆ ಎಷ್ಟು ಯೂನಿಟ್, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಯಾವುವು.

ಬಲ ಮತ್ತು ತೊಡಕಿನ ಮೊದಲ ಅಳತೆ ನಿಲ್ಲಿಸಿದ ಮೂರನೇ ವಾರದ ಸುಮಾರಿಗೆ. ಅದಕ್ಕೂ ಮೊದಲು ತುಂಬಿದರೆ ಎರಡು ಬಗೆಯಲ್ಲಿ ಕೆಡುತ್ತದೆ. ಕೆಲವರ ತಲೆ ಇನ್ನೂ ತಿಳಿಯಾಗಿರುವುದಿಲ್ಲ, ಎಲ್ಲಕ್ಕೂ ಸೊನ್ನೆ ಹಾಕುತ್ತಾರೆ. ಇನ್ನು ಕೆಲವರು ಶಿಬಿರದಿಂದಲೋ ಆಸ್ಪತ್ರೆಯಿಂದಲೋ ಹೊಸ ಹುರುಪಿನಲ್ಲಿ ಬಂದು ಎಲ್ಲಕ್ಕೂ ಪೂರ್ತಿ ಅಂಕ ಬರೆದುಕೊಳ್ಳುತ್ತಾರೆ. ಹೆಚ್ಚು ಮೋಸ ಮಾಡುವುದು ಈ ಎರಡನೆಯದೇ.

ಪುಟ ಗೆರೆ ಹಾಕುವುದು

ಎಡಪುಟ ನಿಮ್ಮ ಬಲಗಳಿಗೆ, ಬಲಗಡೆಯ ಪುಟ ತೊಡಕುಗಳಿಗೆ. ಪ್ರತಿ ಪುಟದಲ್ಲೂ ಮೂರು ಕಲಂ: ಸಂಗತಿ, ಅಂಕ, ಸಾಕ್ಷಿ. ಮೂರನೇ ಕಲಂ ಎಲ್ಲಕ್ಕಿಂತ ಅಗಲ ಇರಲಿ, ಏಕೆಂದರೆ ಈ ಲೆಕ್ಕ ನಿಂತಿರುವುದೇ ಅದರ ಮೇಲೆ. ಕಳೆದ 30 ದಿನಗಳಲ್ಲಿ ನಡೆದ ಒಂದು ಘಟನೆಯನ್ನು ಬರೆಯಲಾಗದಿದ್ದರೆ ಅಂಕ ಬರೆಯುವ ಹಾಗಿಲ್ಲ.

ಬಲಕ್ಕೆ ಅಂಕ ಹೀಗೆ. ಇಲ್ಲವೇ ಇಲ್ಲ ಎಂದರೆ 0. ಇದೆ ಎನ್ನುತ್ತೇವೆ, ಆದರೆ ಈ 30 ದಿನದಲ್ಲಿ ಒಮ್ಮೆಯೂ ಉಪಯೋಗಕ್ಕೆ ಬಂದಿಲ್ಲ ಎಂದರೆ 1. ಒಂದೆರಡು ಸಲ ಆಸರೆಯಾಗಿದೆ ಎಂದರೆ 2. ವಾರವಾರವೂ ಒದಗಿದೆ ಎಂದರೆ 3.

ತೊಡಕಿಗೆ ಹೀಗೆ. ಇಲ್ಲ ಎಂದರೆ 0. ಇದೆ, ಆದರೆ ಕುಡಿಯುವ ಆಸೆ ಕೆರಳಿಸಿಲ್ಲ ಎಂದರೆ 1. ಆಸೆ ಕೆರಳಿಸಿತು, ತಡೆದುಕೊಂಡೆ ಎಂದರೆ 2. ಅದರಿಂದಲೇ ಕುಡಿದೆ, ಇಲ್ಲವೇ ಅಂಗಡಿ ಬಾಗಿಲವರೆಗೆ ಹೋಗಿ ಬಂದೆ ಎಂದರೆ 3.

"ಹೆಂಡತಿ ಸಪೋರ್ಟ್ ಮಾಡ್ತಾಳೆ, 3" ಎಂದು ಬರೆದರೆ ಅದು ಲೆಕ್ಕವಲ್ಲ. "12ನೇ ತಾರೀಕು ರಾತ್ರಿ ಎಂಟಕ್ಕೆ ತಲೆ ಕೆಟ್ಟು ಹೊರಗೆ ಹೊರಟೆ, ಚಪ್ಪಲಿ ಹಾಕಿಕೊಂಡು ಜೊತೆಗೆ ಬಂದಳು, ಕೆರೆ ಏರಿಯವರೆಗೆ ನಡೆದು ವಾಪಸ್ ಬಂದೆವು" ಎಂದು ಬರೆದರೆ ಲೆಕ್ಕ. ಹಾಗೆ ಬರೆದಾಗ ಅಂಕ ತಾನಾಗಿ ಗೊತ್ತಾಗುತ್ತದೆ, ಮುಂದಿನ ಸಲ ಏನು ಮಾಡಬೇಕೆಂಬುದೂ ಅದರಲ್ಲೇ ಇರುತ್ತದೆ.

ಎಡಪುಟ: ಬಲಗಳು

ಮೈ ಮತ್ತು ಮನಸ್ಸಿನಿಂದ ಶುರು ಮಾಡಿ. ಮೂರು ಹೊತ್ತು ಊಟ ಸೇರುತ್ತಿದೆಯೇ, ರಾತ್ರಿ ಐದಾರು ಗಂಟೆ ನಿದ್ದೆ ಇದೆಯೇ, ವೈದ್ಯರು ಹೇಳಿದ ತಾರೀಕಿಗೆ ಹೋಗಿದ್ದೀರೇ, ಮಾತ್ರೆ ತಪ್ಪಿಲ್ಲವೇ. ಇದನ್ನು ಬೇಗ ಮುಗಿಸಬಹುದು.

ನಂತರ ಜನ. ಇಲ್ಲಿ ತಾಳ್ಮೆ ಬೇಕು. ಮೊಬೈಲ್ ತೆಗೆದು ಕಳೆದ ಎರಡು ವಾರದ ಕರೆಗಳ ಪಟ್ಟಿ ನೋಡಿ, ಯಾರಾರ ಜೊತೆ ಮಾತಾಡಿದ್ದೀರಿ ಎಂದು ಹೆಸರು ಬರೆಯಿರಿ. ಪ್ರತಿ ಹೆಸರಿನ ಮುಂದೆ ಒಂದು ಗುರುತು: ಕುಡಿಯದವರು, ಕುಡಿದು ಬಿಟ್ಟವರು, ಈಗಲೂ ಕುಡಿಯುವವರು. ಸಾಮಾನ್ಯವಾಗಿ ಇಲ್ಲಿ ಕಣ್ಣು ತೆರೆಯುತ್ತದೆ. "ನನಗೆ ಬೇಕಾದಷ್ಟು ಸ್ನೇಹಿತರಿದ್ದಾರೆ" ಎಂದವರ ಪಟ್ಟಿಯಲ್ಲಿ ಹತ್ತರಲ್ಲಿ ಎಂಟು ಜನ ಮೂರನೇ ಗುಂಪಿನವರಾಗಿರಬಹುದು. ಅವರೇನು ಕೆಟ್ಟವರಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಆಸೆ ಕೆರಳಿದಾಗ ಕರೆ ಮಾಡಬಹುದಾದವರು ಮೊದಲ ಎರಡು ಗುಂಪಿನವರು ಮಾತ್ರ. ಅಂಥ ಹೆಸರು ಎಷ್ಟಿವೆಯೋ ಅದೇ ಬಲ. ಒಂದೂ ಇಲ್ಲದಿದ್ದರೆ 0 ಎಂದು ಬರೆಯಲು ಹಿಂಜರಿಯಬೇಡಿ, ತುಂಬುವ ದಾರಿ ಮುಂದೆ ಇದೆ.

ಮನೆಯನ್ನು ನೋಡುವಾಗ ಪ್ರೀತಿಗೆ ಅಂಕ ಹಾಕಬೇಡಿ, ವ್ಯವಸ್ಥೆಗೆ ಹಾಕಿ. ಮಲಗಲು ಜಗಳವಿಲ್ಲದ ಜಾಗ ಇದೆಯೇ, ಮನೆಯಲ್ಲಿ ಬೇರೆ ಯಾರೂ ಕುಡಿಯುವುದಿಲ್ಲವೇ, ದುಡ್ಡಿನ ಮಾತು ಕೂಗಾಟವಿಲ್ಲದೆ ಮುಗಿಯುತ್ತದೆಯೇ.

ಕೆಲಸ ಮತ್ತು ಕೈಕಸುಬು. ಕೆಲಸ ಹೋದವರು ಇಲ್ಲಿ ಸೊನ್ನೆ ಹಾಕಿ ಮುಂದೆ ಹೋಗುತ್ತಾರೆ, ಅದು ತಪ್ಪು. ಗಾರೆ, ವೈರಿಂಗ್, ಡ್ರೈವಿಂಗ್, ಅಡುಗೆ, ಕೊಯ್ಲು, ಲೆಕ್ಕ ಬರೆಯುವುದು, ಏನೇ ಆಗಲಿ, ಕೈಯಲ್ಲಿರುವ ವಿದ್ಯೆ ಕುಡಿತದಿಂದ ಅಳಿಸಿಹೋಗಿರುವುದಿಲ್ಲ. ಈ ತಿಂಗಳು ಅದನ್ನು ಒಂದು ದಿನವಾದರೂ ಬಳಸಿದ್ದರೆ ಅಂಕ ಉಂಟು, ಸಂಬಳ ಬರಲಿ ಬಿಡಲಿ.

ಕೊನೆಗೆ ಮನೆಯಾಚೆಯ ಆಸರೆ. ಕುಡಿತ ಬಿಟ್ಟವರೇ ಸೇರಿ ನಡೆಸುವ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ಕೂಟ 1957ರಿಂದ ಭಾರತದಲ್ಲಿದೆ, ಕನ್ನಡದಲ್ಲಿ ನಡೆಯುವ ಸಭೆಗಳೂ ಇವೆ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯದೇ ಕೂಟವಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಕ್ಕೆ ಹೋಗಿಬಂದವರಿಗೆ ಊರಿನಲ್ಲಿ ನವಜೀವನ ಸಮಿತಿ ಇರುತ್ತದೆ. ಭಜನಾ ಮಂಡಳಿ, ಚರ್ಚು, ಮಸೀದಿ, ಯಕ್ಷಗಾನ ತಂಡ, ವಾಲಿಬಾಲ್ ಆಡುವ ಹುಡುಗರು, ಹಾಲಿನ ಡೈರಿಯ ಸಂಘ ಕೂಡ ಈ ಲೆಕ್ಕಕ್ಕೆ ಬರುತ್ತವೆ. ಹೆಸರು ನೋಂದಾಯಿಸಿ ಹೋಗದೇ ಇದ್ದರೆ 1 ಮಾತ್ರ.

ಬಲಪುಟ: ತೊಡಕುಗಳು

ತೊಡಕನ್ನು "ಟೆನ್ಷನ್" ಎಂದು ಬರೆದರೆ ಕೆಲಸಕ್ಕೆ ಬರುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಎಂಬ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಅದರ ನಿಜರೂಪ ಹೊರಬರುತ್ತದೆ.

ದುಡ್ಡು ಕೈಗೆ ಬರುವ ಹೊತ್ತು ಬಹಳ ಜನರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು. ಶನಿವಾರದ ಬಟವಾಡೆ, ತಿಂಗಳ ಮೊದಲ ವಾರ, ರೇಷ್ಮೆಗೂಡು ಮಾರಿದ ದಿನ, ಚೀಟಿ ಎತ್ತಿದ ದಿನ. ಇದರ ಅಣ್ಣನೋ ತಮ್ಮನೋ ಸಾಲ: ವೈನ್ ಶಾಪಿನ ಉದ್ರಿ, ಕೈಗಡ, ಮೀಟರ್ ಬಡ್ಡಿ, ಹೆಂಡತಿಯ ಹೆಸರಿನಲ್ಲಿ ಸಂಘದಿಂದ ಎತ್ತಿದ್ದು. ಸಾಲವನ್ನು ಒಟ್ಟು ಮೊತ್ತವಾಗಿ ಬರೆಯಬೇಡಿ. ಯಾರಿಗೆ, ಎಷ್ಟು, ವಾರಕ್ಕೆ ಎಷ್ಟು ಕಟ್ಟಬೇಕು, ಯಾರು ಮನೆ ಬಾಗಿಲಿಗೆ ಬರುತ್ತಾರೆ ಎಂದು ಸಾಲುಸಾಲಾಗಿ ಬರೆಯಿರಿ. ಅಂಕ ಕೊಡುವುದು ಮೊತ್ತಕ್ಕಲ್ಲ, ಕುಡಿತದ ಕಡೆಗೆ ತಳ್ಳುವ ಬಲಕ್ಕೆ. ಬ್ಯಾಂಕಿನ ಎರಡು ಲಕ್ಷ ಸುಮ್ಮನೆ ಮಲಗಿರುತ್ತದೆ, ದಾರಿಯಲ್ಲಿ ಅಡ್ಡಹಾಕುವವನ ಎರಡು ಸಾವಿರ ನಿದ್ದೆ ಕೆಡಿಸುತ್ತದೆ.

ದಾರಿ ಮತ್ತು ಅಂಗಡಿ. ಕೆಲಸದಿಂದ ಮನೆಗೆ ಬರುವ ದಾರಿಯನ್ನು ಹಾಳೆಯ ಮೇಲೆ ಗೀಚಿ, ಮದ್ಯ ಸಿಗುವ ಜಾಗಗಳಿಗೆ ಚುಕ್ಕಿ ಇಡಿ. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿತು, ಆದರೆ ಅಂಗಿ ಜೇಬಿನಲ್ಲಿ ಕೂರುವ 90 ಎಂಎಲ್ ಪೊಟ್ಟಣ ಹಳ್ಳಿಯ ಗೂಡಂಗಡಿಗೂ ಕದ್ದುಮುಚ್ಚಿ ಬರುತ್ತದೆ. ಹಾಗಾಗಿ ಬೋರ್ಡ್ ಇರುವ ಅಂಗಡಿಗಳಿಗೆ ಮಾತ್ರ ಚುಕ್ಕಿ ಇಟ್ಟರೆ ನಕ್ಷೆ ಸುಳ್ಳಾಗುತ್ತದೆ. ಬೀಡಿ ತರಲು ಹೋಗುವ ಅಂಗಡಿಯಲ್ಲೇ ಪೊಟ್ಟಣವೂ ಸಿಗುತ್ತಿದ್ದರೆ ಅದಕ್ಕೂ ಚುಕ್ಕಿ.

ಮುಂದೆ ಕ್ಯಾಲೆಂಡರ್ ತೆಗೆಯಿರಿ. ಬರುವ 90 ದಿನಗಳಲ್ಲಿ ಯಾವ ದಿನ ಕೈಗೆ ಲೋಟ ಬರುತ್ತದೆ ಎಂದು ಮುಂಚೆಯೇ ಗುರುತು ಹಾಕಿ. ಯುಗಾದಿ ದಿನ ಬೇವುಬೆಲ್ಲ, ಕಷ್ಟ ಇರುವುದು ಮರುದಿನದ ವರ್ಷತೊಡಕಿನಲ್ಲಿ. ಮಾರಿಹಬ್ಬದ ಬಾಡೂಟ, ಮದುವೆಯ ಹಿಂದಿನ ರಾತ್ರಿ, ಡಿಸೆಂಬರ್ 31, ಚುನಾವಣೆಗೆ ಮುಂಚಿನ ವಾರ. ಹಳೇ ಮೈಸೂರಿನ ಕಡೆ ಕೆಲವು ಮನೆಗಳಲ್ಲಿ ಪಿತೃಪಕ್ಷದ ಎಡೆಗೆ ಹಿರಿಯರಿಗೆ ಇಷ್ಟವಾಗಿದ್ದ ಮದ್ಯವನ್ನೂ ಇಡುತ್ತಾರೆ, ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್‌ನಂಥ ಹಬ್ಬಕ್ಕೆ ಮದ್ಯ ಹೊರತಲ್ಲ. ಇಂಥ ಕಡೆ "ಬೇಡ" ಎನ್ನುವುದು ಹಿರಿಯರಿಗೆ ಅಗೌರವ ಎಂಬಂತೆ ಕಾಣುತ್ತದೆ. ಆದ್ದರಿಂದ ಎಡೆ ಇಡುವ ಕೆಲಸ ಈ ವರ್ಷ ಯಾರದು, ಎಡೆ ತೆಗೆದ ಮೇಲೆ ಬಾಟಲಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಾರದ ಮುಂಚೆ ಮನೆಯಲ್ಲಿ ಮಾತಾಡಿಕೊಳ್ಳಬೇಕು.

ಮೈಮನಸ್ಸಿನ ತೊಡಕುಗಳಲ್ಲಿ ನಿದ್ದೆಗೇಡು ಮುಖ್ಯ. ಕುಡಿತ ಬಿಟ್ಟ ಮೇಲೆ ತಿಂಗಳುಗಟ್ಟಲೆ ನಿದ್ದೆ ಸರಿಯಾಗದೆ ಇರುವುದುಂಟು. ಇದು ಗೊತ್ತಿಲ್ಲದವರು "ಬಿಟ್ಟಿದ್ದಕ್ಕೇ ಹೀಗಾಯಿತು" ಎಂದುಕೊಂಡು ಒಂದು ಸಿಕ್ಸ್ಟಿ ಹಾಕುತ್ತಾರೆ. ಮೆಡಿಕಲ್ ಶಾಪಿನಿಂದ ಚೀಟಿಯಿಲ್ಲದೆ ನಿದ್ದೆಮಾತ್ರೆ ತರುವುದು ಅಷ್ಟೇ ಕೆಟ್ಟದ್ದು, ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ. ಮಂಕು, ಭಯ, ಹಳೇ ಬೆನ್ನುನೋವು, ಗುಟ್ಕಾ, ಬೀಡಿ ಎಲ್ಲಕ್ಕೂ ಒಂದೊಂದು ಸಾಲು ಕೊಡಿ.

ಸಾಯುವ ಯೋಚನೆ ಬರುತ್ತಿದ್ದರೆ ಅದಕ್ಕೆ ಅಂಕ ಹಾಕುತ್ತಾ ಕೂರಬೇಡಿ. ಪುಸ್ತಕ ಮುಚ್ಚಿ, ಪಕ್ಕದಲ್ಲಿರುವವರಿಗೆ ಹೇಳಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಕುಡಿಯುವ ಹೆಣ್ಣುಮಕ್ಕಳ ಬಲಪುಟ ಬೇರೆಯೇ ಇರುತ್ತದೆ. ಅವರಿಗೆ ಬಾರ್ ಅಲ್ಲ, ಬಚ್ಚಿಟ್ಟ ಬಾಟಲಿ. ಗೆಳೆಯರ ಒತ್ತಾಯಕ್ಕಿಂತ ಒಂಟಿತನ, ಕೆಲವೊಮ್ಮೆ ಜೊತೆಗೆ ಕುಡಿಯುವ ಗಂಡ. ಆಸ್ಪತ್ರೆಗೆ ಹೋದರೆ ಊರಿಗೆಲ್ಲ ಗೊತ್ತಾಗುತ್ತದೆ, ಮಕ್ಕಳನ್ನು ಕಸಿದುಕೊಳ್ಳುತ್ತಾರೆ ಎಂಬ ಭಯವೇ 3 ಅಂಕದ ತೊಡಕು. ಅವರ ಪುಸ್ತಕಕ್ಕೆ ಬೀಗ ಹಾಕುವ ಜಾಗ ಬೇಕು, ಜೊತೆಗೆ ಕೂರುವವರು ಗಂಡನ ಮನೆಯವರೇ ಆಗಬೇಕೆಂದಿಲ್ಲ.

ಎರಡನೇ ಪೆನ್ನು

ನೀವು ತುಂಬಿದ ಮೇಲೆ, ನಿಮ್ಮ ಜೊತೆ ಬದುಕುವ ಒಬ್ಬರು ನಿಮ್ಮದನ್ನು ನೋಡದೆ ಬೇರೆ ಹಾಳೆಯಲ್ಲಿ ತುಂಬಲಿ. ನಿಮ್ಮ ಒಪ್ಪಿಗೆ ಇದ್ದರೆ ಮಾತ್ರ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಎರಡು ಅಥವಾ ಹೆಚ್ಚು ಅಂಕದ ಅಂತರ ಇರುವ ಕಡೆ ಮಾತ್ರ ಸುತ್ತು ಹಾಕಿ. ಅಂತರ ಎಂದರೆ ಯಾರೋ ಸುಳ್ಳು ಹೇಳಿದ್ದಾರೆ ಎಂದಲ್ಲ. "ಮನೆಯಲ್ಲಿ ಜಗಳವಿಲ್ಲ" ಎಂದು ಗಂಡ 3 ಹಾಕಿ, ಹೆಂಡತಿ 1 ಹಾಕಿದರೆ, ಅವನು ಕೂಗಾಟ ನಿಂತಿದ್ದನ್ನು ಎಣಿಸಿದ್ದಾನೆ, ಅವಳು ಮಾತೇ ನಿಂತಿದ್ದನ್ನು ಎಣಿಸಿದ್ದಾಳೆ. ಇಬ್ಬರ ಸಾಕ್ಷಿ ಕಲಂ ಓದಿದರೆ ತಿಳಿಯುತ್ತದೆ.

ಈ ಹಾಳೆ ಮನೆಯವರ ಕೈಯಲ್ಲಿ ದೊಣ್ಣೆ ಆಗಬಾರದು. ನೆಂಟರ ಮುಂದೆ "ನೋಡಿ, ಇವರೇ ಬರೆದುಕೊಂಡಿದ್ದಾರೆ" ಎಂದು ಒಮ್ಮೆ ತೆಗೆದು ತೋರಿಸಿದರೆ ಮುಂದಿನ ಸಲದಿಂದ ಅದರಲ್ಲಿ ನಿಜ ಇರುವುದಿಲ್ಲ. ಮನೆಯವರಿಗೆ ಇನ್ನೊಂದು ಮಾತು: ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಪುಡಿ ಮಾಡಿ ಸಾರಿಗೋ ಮಜ್ಜಿಗೆಗೋ ಕದ್ದು ಬೆರೆಸಬೇಡಿ. ಅದರ ಮೇಲೆ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಜೀವಕ್ಕೇ ತೊಂದರೆ ಆಗಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ವೈದ್ಯರು ನೋಡಿ, ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಅವರು ಒಪ್ಪಿದಾಗ ಮಾತ್ರ ಅದು ಔಷಧ.

ಒಂದು ಊಹೆಯ ಪುಟ

ಬರೆಯುವ ರೀತಿ ತಿಳಿಯಲೆಂದು ಒಬ್ಬ ಗಾರೆ ಮೇಸ್ತ್ರಿಯನ್ನು ಊಹಿಸಿಕೊಳ್ಳೋಣ. ಬಿಟ್ಟು ಐದು ವಾರ. ಅವರ ಎಡಪುಟದಲ್ಲಿ: ಕೈಕೆಲಸ 3 (ವಾರಕ್ಕೆ ಐದು ದಿನ ಕೆಲಸ ಇದೆ), ಅಕ್ಕ 2 (ಎರಡು ಭಾನುವಾರ ಊಟಕ್ಕೆ ಕರೆದರು, ಭಾವ ಕುಡಿಯುವುದಿಲ್ಲ), ಎಎ ಸಭೆ 1 (ಒಮ್ಮೆ ವಿಳಾಸ ಕೇಳಿಕೊಂಡೆ, ಹೋಗಲಿಲ್ಲ). ಬಲಪುಟದಲ್ಲಿ: ಶನಿವಾರದ ಬಟವಾಡೆ 3 (ಎರಡನೇ ಶನಿವಾರ ಎಲ್ಲರ ಜೊತೆ ಬಾರ್ ಬಾಗಿಲವರೆಗೆ ಹೋದೆ, ಮಗಳ ಫೋನ್ ಬಂತು, ವಾಪಸ್ ಬಂದೆ), ನಿದ್ದೆ 2, ಕೈಗಡ 2 (ಸೆಂಟ್ರಿಂಗ್‌ನವನಿಗೆ 4,000 ಕೊಡಬೇಕು, ಸಿಕ್ಕಾಗಲೆಲ್ಲ ಕೇಳುತ್ತಾನೆ).

ಈಗ ಅನೇಕರು ಮಾಡುವ ತಪ್ಪು: ಎಡಪುಟಕ್ಕೆ 6, ಬಲಪುಟಕ್ಕೆ 7, ಕಳೆದರೆ ಮೈನಸ್ 1, "ನನ್ನ ಕಥೆ ಮುಗೀತು". ಬಲದಿಂದ ತೊಡಕನ್ನು ಕಳೆಯಬಾರದು. ಎರಡೂ ಒಂದೇ ತಕ್ಕಡಿಯ ವಸ್ತುಗಳಲ್ಲ. ಭಾನುವಾರದ ಅಕ್ಕನ ಊಟ ಎಷ್ಟೇ ಒಳ್ಳೆಯದಿದ್ದರೂ ಶನಿವಾರ ಸಂಜೆ ಆರೂವರೆಗೆ ಬಾರ್ ಬಾಗಿಲಲ್ಲಿ ಅದು ಇರುವುದಿಲ್ಲ. ಮಾಡಬೇಕಾದದ್ದು ಗೆರೆ ಎಳೆಯುವುದು: ಬಲಪುಟದ ಅತಿ ಹೆಚ್ಚು ಅಂಕದ ಒಂದೇ ಒಂದು ತೊಡಕನ್ನು ಹಿಡಿದು, ಎಡಪುಟದ ಯಾವ ಬಲ ಅದೇ ದಿನ, ಅದೇ ಹೊತ್ತಿಗೆ ಒದಗಬಲ್ಲದು ಎಂದು ನೋಡುವುದು.

ಮೇಸ್ತ್ರಿಗೆ ಕೈಕೆಲಸ 3 ಇದೆ. ಅಂದರೆ ಕಂಟ್ರ್ಯಾಕ್ಟರಿಗೆ ಅವರು ಬೇಕು, ಅಲ್ಲಿ ಅವರ ಮಾತು ನಡೆಯುತ್ತದೆ. ಕೂಲಿಯನ್ನು ಶನಿವಾರ ಸಂಜೆ ಕೈಗೆ ಕೊಡುವ ಬದಲು ಭಾನುವಾರ ಬೆಳಗ್ಗೆ ಕೊಡಿ, ಅರ್ಧವನ್ನು ಮನೆಯಾಕೆಯ ಖಾತೆಗೆ ಹಾಕಿ ಎಂದು ಕೇಳಬಹುದು. ಅಕ್ಕನ ಮನೆಯ ಊಟವನ್ನು ಭಾನುವಾರದಿಂದ ಶನಿವಾರ ರಾತ್ರಿಗೆ ಬದಲಿಸಿಕೊಳ್ಳಬಹುದು, ಭಾವ ಆರು ಗಂಟೆಗೆ ಸೈಟಿಗೇ ಬೈಕ್ ತಂದರೆ ಇನ್ನೂ ಒಳ್ಳೆಯದು. ಪ್ರತಿ ಬಟವಾಡೆಯಿಂದ 500 ಸೆಂಟ್ರಿಂಗ್‌ನವನಿಗೆ ಎಂದು ನಿಗದಿ ಮಾಡಿ ಅವನಿಗೂ ಹೇಳಿಬಿಟ್ಟರೆ ಎಂಟು ವಾರದಲ್ಲಿ ಆ ಸಾಲು ಹೋಗುತ್ತದೆ. ಇಷ್ಟೇ ಯೋಜನೆ. ಎಎ ಸಭೆ, ನಿದ್ದೆ ಎರಡನ್ನೂ ಈ ತಿಂಗಳೇ ಸರಿ ಮಾಡುತ್ತೇನೆ ಎಂದು ಹೊರಟರೆ ಯಾವುದೂ ಆಗುವುದಿಲ್ಲ. ಹೆಚ್ಚೆಂದರೆ ಎರಡು ತೊಡಕು, ಅದಕ್ಕಿಂತ ಹೆಚ್ಚು ಬೇಡ.

ಯೋಜನೆಯ ವಾಕ್ಯದಲ್ಲಿ ದಿನ, ಹೊತ್ತು, ಹೆಸರು ಇರಲೇಬೇಕು. "ಕೆಟ್ಟ ಸಹವಾಸ ಬಿಡುತ್ತೇನೆ" ಎಂಬುದು ಪ್ರತಿಜ್ಞೆ, ಯೋಜನೆಯಲ್ಲ. ದೇವರ ಮುಂದೆ ಆಣೆ ಹಾಕಿದವರಿಗೂ ಶನಿವಾರ ಸಂಜೆ ಮನೆಗೆ ಹೋಗಲು ಇನ್ನೊಂದು ದಾರಿ ಬೇಕು.

ಎಡಪುಟ ಪೂರ್ತಿ ಖಾಲಿ ಬಂದರೆ

ಹಾಗಾದಾಗ ತೊಡಕಿನ ಕಡೆಗೆ ಹೋಗಬೇಡಿ, ಮೊದಲು ಒಂದು ಬಲ ಹುಟ್ಟಿಸಿ. ಎಲ್ಲಕ್ಕಿಂತ ಬೇಗ ಹುಟ್ಟುವುದು ಜನಬಲ: ಕುಡಿದು ಬಿಟ್ಟ ಒಬ್ಬರ ಫೋನ್ ನಂಬರ್. ಸಭೆಯಲ್ಲಿ, ನವಜೀವನ ಸಮಿತಿಯಲ್ಲಿ, ಆಸ್ಪತ್ರೆಯ ಗುಂಪು ಮಾತುಕತೆಯಲ್ಲಿ ಅದು ಸಿಗುತ್ತದೆ. ನಂಬರ್ ಬರೆದುಕೊಂಡರೆ ಸಾಲದು, ಆಸೆ ಕೆರಳದ ದಿನವೂ ವಾರಕ್ಕೆರಡು ಸಲ ಸುಮ್ಮನೆ ಮಾತಾಡಿ ರೂಢಿ ಮಾಡಿಕೊಳ್ಳಬೇಕು. ಇಲ್ಲವಾದರೆ ಬೇಕಾದ ದಿನ ಕೈ ಫೋನಿಗೆ ಹೋಗುವುದಿಲ್ಲ. ಎರಡನೆಯದು ವೈದ್ಯರು. ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ತಡವಾಗಿ ಹೋಗುತ್ತಿದ್ದೇನೆ ಎಂಬ ಸಂಕೋಚ ಬೇಡ. 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಹೊರರೋಗಿ ಚೀಟಿ ಮಾಡಿಸಿ ಸರದಿಯಲ್ಲಿ ನಿಂತರೆ ಅದೇ ಎಡಪುಟದ ಮೊದಲ ಅಂಕ.

ಮರು ಅಳತೆ, ಮತ್ತು ಎಡವಿದ ದಿನ

ವಾರಕ್ಕೊಮ್ಮೆ ಹತ್ತು ನಿಮಿಷ ಹಿಡಿದುಕೊಂಡ ತೊಡಕಿನ ಸಾಲನ್ನು ಮಾತ್ರ ನೋಡಿ. ಇಡೀ ಪುಸ್ತಕವನ್ನು ಮತ್ತೆ ತುಂಬುವುದು ಮೂರು ತಿಂಗಳಿಗೊಮ್ಮೆ, ಹೊಸ ಪುಟದಲ್ಲಿ, ಹಳೇ ಅಂಕ ನೋಡದೆ. ನೋಡಿಕೊಂಡು ತುಂಬಿದರೆ ಕೈ ತಾನಾಗಿ ಒಂದು ಅಂಕ ಜಾಸ್ತಿ ಹಾಕುತ್ತದೆ.

ಮೂರು ತಿಂಗಳ ನಂತರ ತೊಡಕಿನ ಪುಟ ಉದ್ದವಾಗಿರುವುದು ಕಂಡು ಗಾಬರಿ ಬೀಳುವವರಿದ್ದಾರೆ. ಮೊದಲ ಸಲ ಮೂರೇ ಸಾಲು, ಈಗ ಏಳು. ಇದು ಹಿಂದಕ್ಕೆ ಹೋದ ಲಕ್ಷಣವೇ ಆಗಬೇಕಿಲ್ಲ. ಮೊದಲು ಕಾಣದಿದ್ದದ್ದು ತಲೆ ತಿಳಿಯಾದ ಮೇಲೆ ಕಾಣುತ್ತಿರಬಹುದು. ಸಾಲುಗಳ ಸಂಖ್ಯೆ ನೋಡಬೇಡಿ, 3 ಅಂಕದ ಸಾಲುಗಳು ಎಷ್ಟು ಉಳಿದಿವೆ ನೋಡಿ. ಮೇಸ್ತ್ರಿಯ ಪುಟದಲ್ಲಿ ಬಟವಾಡೆ 1ಕ್ಕೆ ಇಳಿದು, ನಿದ್ದೆ 2ರಲ್ಲೇ ನಿಂತು, "ಸಂಜೆ ಬೇಸರ" ಎಂಬ ಹೊಸ ಸಾಲು 2 ಅಂಕದೊಂದಿಗೆ ಬಂದಿರಬಹುದು. ಕುಡಿತಕ್ಕೆ ದಿನಕ್ಕೆ ಮೂರು ನಾಲ್ಕು ಗಂಟೆ ಹೋಗುತ್ತಿತ್ತು, ಆ ಹೊತ್ತು ಈಗ ಖಾಲಿ. ಮುಂದಿನ ಮೂರು ತಿಂಗಳ ಕೆಲಸ ಅದೇ.

ಎಡವಿದರೆ ಪುಟ ಹರಿಯಬೇಡಿ. ಕುಡಿದ ಮರುದಿನ ಅಲ್ಲ, ಮೂರನೇ ದಿನ, ತಲೆ ತಿಳಿಯಾದ ಮೇಲೆ ಒಂದು ಸಾಲು ಬರೆಯಿರಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ, ಎಷ್ಟು ಯೂನಿಟ್. ಆ ತೊಡಕು ಬಲಪುಟದಲ್ಲಿ ಇತ್ತೇ? ಇದ್ದರೆ ಯೋಜನೆ ಎಲ್ಲಿ ಸಡಿಲವಾಯಿತು ನೋಡಿ. ಇರದಿದ್ದರೆ ಹೊಸ ಸಾಲು ಸೇರಿಸಿ, 3 ಹಾಕಿ. ಎಡಪುಟದ ಅಂಕಗಳನ್ನು ಮುಟ್ಟಬೇಡಿ. ಅಕ್ಕನ ಮನೆಯ ಊಟ, ಕೈಯ ಕಸುಬು, ಬರೆದುಕೊಂಡ ಫೋನ್ ನಂಬರ್ ಆ ಒಂದು ರಾತ್ರಿಗೆ ಇಲ್ಲವಾಗುವುದಿಲ್ಲ. ಎಡವಿದ್ದು ಒಂದು ದಿನಕ್ಕೆ ನಿಲ್ಲದೆ ವಾರಗಟ್ಟಲೆ ದಿನವೂ ಕುಡಿದಿದ್ದರೆ ಮಾತ್ರ ಮತ್ತೆ ಮೊದಲ ವಾರದ ಎಚ್ಚರಿಕೆ: ಒಮ್ಮೆಲೇ ನಿಲ್ಲಿಸುವ ಮುನ್ನ ವೈದ್ಯರ ಬಳಿ ಹೋಗಬೇಕು.

ಪುಸ್ತಕವನ್ನು ಅಡುಗೆಮನೆಯ ಡಬ್ಬಿಗಳ ಹಿಂದೆಯೋ ಹಾಸಿಗೆಯ ಕೆಳಗೋ ಇಡಬೇಡಿ, ಬಾಟಲಿ ಇಡುತ್ತಿದ್ದ ಜಾಗಗಳು ಅವು. ಬೀರುವಿನಲ್ಲಿ ಆಧಾರ್, ರೇಷನ್ ಕಾರ್ಡ್ ಇರುವ ಕವರಿನಲ್ಲಿ ಇಡಿ. ಹಿಂದಿನ ರಟ್ಟಿನ ಒಳಗಡೆ ದೊಡ್ಡ ಅಕ್ಷರದಲ್ಲಿ 14416, 14446, ವೈದ್ಯರ ಹೊರರೋಗಿ ದಿನ, ರಾತ್ರಿ ಎತ್ತುವ ಒಬ್ಬರ ನಂಬರ್, ಮುಂದಿನ ಅಳತೆಯ ತಾರೀಕು.